ಕಡತದ ಅಕ್ಷರ ಬೆರಳಿಗೆ ಬರುತ್ತಿದೆ, ಮ್ಯೂಸಿಯಂ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು: ಸಲಹೆ ಕೊಡಿ

ದುರ್ಗದ ಹುಡುಗಿ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ದುರ್ಗದವಳು. ಇಲ್ಲೇ ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದೆ. ಆಮೇಲೆ ಹೊರಗೆ ಹೋಗಿ ಕನ್ಸರ್ವೇಶನ್‌ನಲ್ಲಿ ಎಂ.ಎ. ಮುಗಿಸಿದೆ. ಹಳೆಯ ವಸ್ತುಗಳು ಹಾಳಾಗದಂತೆ ನೋಡಿಕೊಳ್ಳುವ ಕೆಲಸ. ಒಂದೂವರೆ ವರ್ಷ ಒಂದು ಕಡೆ ಪ್ರಾಜೆಕ್ಟ್ ಸಿಕ್ಕಿತ್ತು. ಪ್ರಾಜೆಕ್ಟ್ ಮುಗಿಯಿತು, ಕೆಲಸವೂ ಮುಗಿಯಿತು. ಆರು ತಿಂಗಳಿಂದ ಮನೆಯಲ್ಲಿದ್ದೇನೆ.

ಈಗ ಹೊರದೇಶದ ಒಂದು ಮ್ಯೂಸಿಯಂ ಒಂದು ವರ್ಷದ ಫೆಲೋಶಿಪ್‌ಗೆ ಅರ್ಜಿ ಕರೆದಿದೆ. ಓದು ಮುಗಿಸಿ ಕೆಲವೇ ವರ್ಷ ಆದವರಿಗೆ ಮಾತ್ರ. ಲೋಹ, ಮರ, ಚರ್ಮ, ಬಟ್ಟೆ, ಎಲ್ಲ ಬಗೆಯ ಹಳೆಯ ವಸ್ತುಗಳ ಲ್ಯಾಬ್. ಸ್ಟೈಪೆಂಡ್ ಇದೆ, ಆರೋಗ್ಯ ವಿಮೆ ಇದೆ, ಓಡಾಟಕ್ಕೆ ಬೇರೆ ಹಣ ಇದೆ. ಬಯೋಡೇಟಾ, ಉದ್ದೇಶ ಹೇಳುವ ಪತ್ರ, ಎರಡು ಶಿಫಾರಸು ಪತ್ರ, ಮತ್ತು ನಾನೇ ಮಾಡಿದ ಕೆಲಸಗಳ ಪೋರ್ಟ್‌ಫೋಲಿಯೋ ಕೇಳಿದ್ದಾರೆ. ಐದು ವಾರ ಸಮಯ ಉಳಿದಿದೆ.

ನನ್ನ ತೊಡಕು ಪೋರ್ಟ್‌ಫೋಲಿಯೋ. ಪ್ರಾಜೆಕ್ಟ್‌ನಲ್ಲಿ ನಾನು ಮಾಡಿದ ಕೆಲಸದ ಫೋಟೋಗಳನ್ನು ಹೊರಗೆ ತೋರಿಸಲು ಅಲ್ಲಿ ಒಪ್ಪಲಿಲ್ಲ. ಕೇಳಿ ಕೇಳಿ ಸಾಕಾಯಿತು. ಕೈಯಲ್ಲಿ ಓದುವಾಗ ಮಾಡಿದ ಎರಡು ಕೆಲಸ ಮಾತ್ರ ಇದೆ: ಒಂದು ಹಿತ್ತಾಳೆ ದೀಪ, ಒಂದು ಒಡೆದ ಮಡಕೆ.

ಹೋದ ವಾರ ಹೊಸದುರ್ಗದ ಹತ್ತಿರದ ಅಜ್ಜಿ ಊರಿಗೆ ಹೋಗಿದ್ದೆ. ಅಟ್ಟದ ಮೇಲೆ ರಾಗಿ ಚೀಲದ ಹಿಂದೆ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಕಡತ! ನಿಜವಾದ ಕಡತ. ಈಗ ಆಫೀಸಿನಲ್ಲಿ ಫೈಲಿಗೆ ಕಡತ ಅನ್ನುತ್ತೇವಲ್ಲ, ಆ ಹೆಸರು ಬಂದದ್ದೇ ಇದರಿಂದ. ಬಟ್ಟೆಗೆ ಹುಣಸೆ ಬೀಜದ ಸರಿ (ಗಂಜಿಯಂಥ ಅಂಟು) ಮತ್ತು ಇದ್ದಿಲಿನ ಪುಡಿ ಬಳಿದು, ಕಪ್ಪಗೆ ಹಲಗೆಯಂತೆ ಮಾಡಿ, ಹಿಂದೆ ಮುಂದೆ ಮಡಿಸಿಟ್ಟ ಪುಸ್ತಕ. ಬಳಪದಲ್ಲಿ ಬರೆದಿದ್ದಾರೆ. ಅಂಗಡಿ ಲೆಕ್ಕ. ಕೊಬ್ಬರಿ, ರಾಗಿ, ಕೊಳಗ, ಆಣೆ, ಪೈ. ಎರಡೂ ಬದಿಯಲ್ಲಿ ಬರಹ ಇದೆ. ಮಡಿಕೆಗಳಲ್ಲಿ ಕಪ್ಪು ಉದುರಿ ಬಟ್ಟೆಯ ಬಿಳಿ ಕಾಣುತ್ತಿದೆ. ಒಂದು ಮೂಲೆಯನ್ನು ಇಲಿ ತಿಂದಿದೆ. ಮೊದಲ ಮಡಿಕೆ ತೆಗೆಯುವಾಗ ನನ್ನ ಹೆಬ್ಬೆರಳು ಒಂದು ಸಾಲಿನ ತುದಿಗೆ ತಾಗಿತು. ಬೆರಳು ನೋಡಿಕೊಂಡರೆ ಬೆಳ್ಳಗೆ ಪುಡಿ. ಒಂದು ಅಂಕಿ ಹೋಗಿಬಿಟ್ಟಿತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇದಕ್ಕೆ ಟ್ರೀಟ್‌ಮೆಂಟ್ ಮಾಡಿ ಪೋರ್ಟ್‌ಫೋಲಿಯೋಗೆ ಹಾಕಬಹುದಾ? ಬರಹ ಉದುರದಂತೆ ಏನಾದರೂ ಬಳಿಯಬಹುದಾ? ಇಲ್ಲಿ ಲ್ಯಾಬ್ ಇಲ್ಲ, ಮೈಕ್ರೋಸ್ಕೋಪ್ ಇಲ್ಲ. ಮನೆಯ ಮೇಜು, ಒಂದು ಒಳ್ಳೆ ಕ್ಯಾಮೆರಾ, ನನ್ನ ಕಿಟ್ ಬಾಕ್ಸ್, ಇಷ್ಟೇ.

ಲ್ಯಾಬ್ ಅಕ್ಕ (ಮೈಸೂರು)

ಮೊದಲು ಒಂದು ಮಾತು. ಏನನ್ನೂ ಬಳಿಯಬೇಡ. ಗಂಟು ಹಾಗೇ ಇಡು.

ನೀನು ಶಾಲೆಯಲ್ಲಿ ಸ್ಲೇಟು ಬಳಸಿದ್ದೀಯಾ? ಒದ್ದೆ ಬಟ್ಟೆಯಲ್ಲಿ ಒರೆಸಿದ ಕೂಡಲೇ ಬಳಪದ ಅಕ್ಷರ ಮಾಯ. ಒಣಗಿದ ಮೇಲೆ ಸರಿಯಾಗಿ ಒರೆಸದ ಕಡೆ ಮಸುಕಾಗಿ ಮತ್ತೆ ಕಾಣಿಸುತ್ತದೆ. ಯಾಕೆ? ಬಳಪ ಬಿಳಿ ಕಾಣುವುದೇ ಪುಡಿಯ ನಡುವೆ ಗಾಳಿ ಇರುವುದರಿಂದ. ಬೆಳಕು ಅಲ್ಲಿ ಚದುರುತ್ತದೆ. ಗಾಳಿಯ ಜಾಗಕ್ಕೆ ನೀರು ಬಂದರೆ ಬಿಳಿ ಹೋಗುತ್ತದೆ. ನೀರು ಆರುತ್ತದೆ, ಬಿಳಿ ಮರಳುತ್ತದೆ. ನೀನು ಬಳಿಯುವ ಅಂಟು ಆರಿ ಹೋಗುವುದಿಲ್ಲ, ಅಲ್ಲೇ ಕೂರುತ್ತದೆ. ಬರಹ ಉದುರುವುದು ನಿಲ್ಲಬಹುದು, ಆದರೆ ಓದಲು ಬರಹ ಇರುವುದಿಲ್ಲ.

ಇನ್ನು ಪೋರ್ಟ್‌ಫೋಲಿಯೋ ವಿಚಾರ. ನಾನು ಈ ಕೆಲಸದಲ್ಲಿ 14 ವರ್ಷ ಇದ್ದೇನೆ. ಹೊಸಬರ ಅರ್ಜಿಗಳನ್ನು ಓದುವ ಮೇಜಿನಲ್ಲೂ ಕೂತಿದ್ದೇನೆ. ಎಲ್ಲರೂ ಮೊದಲು ಕೊಳೆ, ಆಮೇಲೆ ಫಳಫಳ ಅನ್ನುವ ಎರಡು ಫೋಟೋ ಕಳಿಸುತ್ತಾರೆ. ಹೊಳಪು ನೋಡಿ ಯಾರೂ ಆರಿಸುವುದಿಲ್ಲ. ನಾನು ಹುಡುಕುವುದು ಬೇರೆ. ವಸ್ತು ಯಾವುದರಿಂದ ಆಗಿದೆ ಅಂತ ಈ ಹುಡುಗಿಗೆ ಗೊತ್ತಾಯಿತಾ? ಎಲ್ಲಿ ಅನುಮಾನ ಬಂತು, ಆಗ ಏನು ಮಾಡಿದಳು? ಯಾವುದನ್ನು ಮಾಡದೆ ಬಿಟ್ಟಳು, ಯಾಕೆ? "ನನ್ನ ಹೆಬ್ಬೆರಳು ತಾಗಿ ಒಂದು ಅಂಕಿ ಹೋಯಿತು" ಅಂತ ಬರೆದೆಯಲ್ಲ, ಆ ಸಾಲನ್ನು ರಿಪೋರ್ಟಿನಲ್ಲೂ ಬರೆ. ಎಷ್ಟನೇ ಮಡಿಕೆ, ಎಷ್ಟನೇ ಸಾಲು ಅಂತ ಹಾಕು. ಮುಚ್ಚಿಡಬೇಡ.

ಕೆಲಸ ಮಾಡಲೇಬೇಕು ಅನ್ನಿಸಿದರೆ ಮಾದರಿ ಕಡತ ಮಾಡು. ಅದೇ ಬಟ್ಟೆ, ಅದೇ ಸರಿ, ಅದೇ ಇದ್ದಿಲು. ಅದರ ಮೇಲೆ ಏನು ಬೇಕಾದರೂ ಪರೀಕ್ಷೆ ಮಾಡು. ದೊಡ್ಡ ಲ್ಯಾಬ್‌ಗಳಲ್ಲೂ ಮೊದಲು ಮಾಡುವುದು ಇದನ್ನೇ.

ದುರ್ಗದ ಹುಡುಗಿ

ಅಕ್ಕಾ, ಸ್ಲೇಟಿನ ಮಾತು ಓದಿ ಎದೆ ಧಸಕ್ಕೆಂದಿತು. ಕಿಟ್‌ನಲ್ಲಿ ಪ್ಯಾರಲಾಯ್ಡ್ ಬಿ-72 ಅನ್ನುವ ಅಂಟು ಇದೆ. ತೀರಾ ತೆಳುವಾಗಿ ಅಸಿಟೋನ್‌ನಲ್ಲಿ ಕರಗಿಸಿ ಒಂದು ಮೂಲೆಗೆ ಹಾಕಿ ನೋಡೋಣ ಅಂತ ನಿನ್ನೆಯೇ ಬಾಟಲಿ ಹೊರಗೆ ತೆಗೆದಿದ್ದೆ. ಈಗ ವಾಪಸ್ ಇಟ್ಟೆ.

ಮಾದರಿ ಮಾಡುತ್ತೇನೆ. ಹುಣಸೆ ಬೀಜದ ಸರಿ ಹೇಗೆ ಕಾಯಿಸುವುದು ಯಾರಿಗಾದರೂ ಗೊತ್ತಾ? ಅಜ್ಜಿಗೆ ನೆನಪಿಲ್ಲ. ಬೀಜ ಹುರಿದು ತಿನ್ನುತ್ತಿದ್ದೆವು ಅಷ್ಟೇ ಅನ್ನುತ್ತಾರೆ.

ಕಂಬಳಿ ಮನೆ (ಚಳ್ಳಕೆರೆ)

ನಮ್ಮ ಮನೆಗೆ ಬನ್ನಿ, ತೋರಿಸುತ್ತೇವೆ! ನಮ್ಮ ಕಡೆ ಕಂಬಳಿ ನೇಯುವ ಮೊದಲು ಉಣ್ಣೆ ನೂಲಿಗೆ ಹಾಕುವುದೇ ಹುಣಸೆ ಬೀಜದ ಸರಿ. ಅದು ಇಲ್ಲದಿದ್ದರೆ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ, ಎಳೆ ಎಳೆಯಾಗಿ ಬಿಡುತ್ತದೆ.

ಬೀಜವನ್ನು ಹುರಿಯಬೇಕು. ಸಿಪ್ಪೆ ಸಿಡಿದು ಬಿಡುವಷ್ಟು, ಒಳಗಿನ ಬೇಳೆ ಸೀಯಬಾರದು. ಕುಟ್ಟಿ ಸಿಪ್ಪೆ ಹಾರಿಸಿ. ಬೇಳೆಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ನುಣ್ಣಗೆ ರುಬ್ಬಿ. ಆಮೇಲೆ ಜಾಸ್ತಿ ನೀರಲ್ಲಿ ಸಣ್ಣ ಉರಿಯಲ್ಲಿ ಕುದಿಸಿ. ಕೈಬಿಡದೆ ತಿರುವುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಸೌಟು ಎತ್ತಿದರೆ ಎಳೆ ಬರಬೇಕು. ಅದೇ ಗುರುತು. ಬಟ್ಟೆಯಲ್ಲಿ ಸೋಸಿ. ನಮ್ಮ ಅಪ್ಪ ಹೇಳುವ ಮಾತು: ಸಿಪ್ಪೆ ಉಳಿದರೆ ಸರಿ ಕೆಂಪಾಗುತ್ತದೆ. ನಿಮಗೆ ಕಪ್ಪೇ ಬೇಕಲ್ವಾ, ಪರವಾಗಿಲ್ಲ ಅಂದುಕೊಳ್ಳಬೇಡಿ. ಹಳೇ ಜನ ಸಿಪ್ಪೆ ತೆಗೆದೇ ಮಾಡುತ್ತಿದ್ದದ್ದು.

ಇನ್ನೊಂದು. ಈ ಸರಿ ಅಂದರೆ ಹುಳಕ್ಕೆ ತುಂಬಾ ಇಷ್ಟ. ಕಂಬಳಿಯನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಒದರುವುದು ಅದಕ್ಕೇ. ನಿಮ್ಮ ಕಡತದಲ್ಲಿ ಸಣ್ಣ ತೂತು ಇದೆಯಾ ನೋಡಿ.

ಹತ್ತಿ ಮಂಡಿ ಮೊಮ್ಮಗ (ದಾವಣಗೆರೆ)

ಈ ಚರ್ಚೆ ಓದಿ ಹೊಟ್ಟೆಯಲ್ಲಿ ಏನೋ ಆಯಿತು. ನಮ್ಮ ತಾತ ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಊರಿನ ಮಿಲ್ಲುಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ. ಅವರ ಕೈಬರಹದ ಲೆಕ್ಕದ ಹಾಳೆಗಳು, ಹತ್ತಿ ಲೋಡಿನ ರಸೀದಿಗಳು ಒಂದು ಟ್ರಂಕಿನಲ್ಲಿದ್ದವು. ಅಂಚು ಮುರಿಯುತ್ತಿತ್ತು. ಚೆನ್ನಾಗಿ ಉಳಿಯಲಿ ಅಂತ ನಾನೇ ಒಂದು ಅಂಗಡಿಗೆ ಕೊಟ್ಟು ಎಲ್ಲವನ್ನೂ ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಿದೆ. 60 ಹಾಳೆ. ಅಂಗಡಿಯವನೂ ಒಳ್ಳೆಯದಾಗುತ್ತದೆ ಅಂತಲೇ ಹೇಳಿದ. ಮೂರು ವರ್ಷಕ್ಕೆ ಒಳಗೆ ಕಂದು ಕಲೆ. ಕೆಲವು ಕಡೆ ಶಾಯಿ ಹರಡಿದೆ. ಬಿಡಿಸಲು ಹೋದರೆ ಹಾಳೆ ಪ್ಲಾಸ್ಟಿಕ್ ಜೊತೆಗೇ ಸೀಳಿ ಬರುತ್ತದೆ.

ಆಗ ಕೇಳಲು ಯಾರೂ ಇರಲಿಲ್ಲ. ದಾವಣಗೆರೆಯಲ್ಲಿ 1964ರಿಂದ ಚಿತ್ರಕಲಾ ಕಾಲೇಜಿದೆ, ಬರೆಯುವುದನ್ನು ಕಲಿಸುವವರು ಇದ್ದಾರೆ. ಬರೆದದ್ದನ್ನು ಉಳಿಸುವವರು ಊರಲ್ಲಿ ಒಬ್ಬರಾದರೂ ಬೇಕು. ತಂಗೀ, ನೀವು ಕಲಿಯಿರಿ. ಎಲ್ಲಿಗಾದರೂ ಹೋಗಿ ಕಲಿಯಿರಿ.

ಲ್ಯಾಬ್ ಅಕ್ಕ

ಮಂಡಿ ಮೊಮ್ಮಗ ಅವರೇ, ಅದು ಶಾಖ ಕೊಟ್ಟು ಅಂಟಿಸುವ ಪ್ಲಾಸ್ಟಿಕ್. ಅಂಟು ಕಾಗದದ ನಾರಿನೊಳಗೆ ಇಳಿದಿರುತ್ತದೆ. ಮನೆಯಲ್ಲಿ ಬಿಡಿಸಲು ಹೋಗಬೇಡಿ. ಈಗಲೇ ಎಲ್ಲವನ್ನೂ ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಬಿಸಿಲು ಬೀಳದ ತಂಪು ಜಾಗದಲ್ಲಿ ಚಪ್ಪಟೆಯಾಗಿ ಇಡಿ. ಹರಿದ ಕಾಗದಕ್ಕೆ ನಾವು ಬಳಸುವುದು ತೆಳ್ಳನೆಯ ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು. ಬೇಕೆಂದಾಗ ಒಂದಿಷ್ಟು ತೇವ ಕೊಟ್ಟರೆ ಬಿಡಿಸಿಕೊಳ್ಳುತ್ತದೆ. ಮಾಡಿದ್ದನ್ನು ಮುಂದೆ ಯಾರಾದರೂ ಬಿಚ್ಚಲು ಆಗಬೇಕು, ನಮ್ಮ ಕೆಲಸದಲ್ಲಿ ಇದು ಹುಡುಗರಿಗೆ ಮೊದಲ ದಿನವೇ ಹೇಳುವ ಮಾತು.

ಹಳೇ ಮೇಷ್ಟ್ರು (ಮೊಳಕಾಲ್ಮೂರು)

ನನ್ನ ಅಭಿಪ್ರಾಯ ಬೇರೆ. ಬೇಸರ ಮಾಡಿಕೊಳ್ಳಬೇಡಿ.

ನಾನು 31 ವರ್ಷ ಇತಿಹಾಸ ಪಾಠ ಮಾಡಿದವನು. ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಶೋಕನ ಶಾಸನ ಅಲ್ಲಿ ಬಂಡೆಯ ಮೇಲಿದೆ, 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದ್ದು. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿದರು. ಅದಕ್ಕೂ ಮೊದಲು ನಮ್ಮ ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಅಗೆಸಿದ್ದರು. ರೋಮ್‌ನ ಬೆಳ್ಳಿ ನಾಣ್ಯ ಸಿಕ್ಕಿತು, ಶಾತವಾಹನರ ಕಾಲದ ಸೀಸದ ನಾಣ್ಯ ಸಿಕ್ಕಿತು. ಮಯೂರಶರ್ಮನ ಶಾಸನ ಇವತ್ತಿಗೂ ಅಲ್ಲೇ ಇದೆ, ಕೆರೆ ಕಟ್ಟಿಸಿದ ವಿಷಯ ಹೇಳುತ್ತದೆ.

ಇಷ್ಟು ಸಂಪತ್ತು ನಮ್ಮ ಜಿಲ್ಲೆಯಲ್ಲಿದೆ. ಹಳ್ಳಿ ಹಳ್ಳಿಯಲ್ಲಿ ತಾಳೆಗರಿ, ಕಡತ, ತೊಗಲುಗೊಂಬೆ ಕೊಳೆಯುತ್ತಿವೆ. ನಮ್ಮ ಮಗು ಒಂದು ವರ್ಷ ಹೋಗಿ ಬೇರೆಯವರ ಕುರ್ಚಿ, ಬೇರೆಯವರ ಗಡಿಯಾರ ಒರೆಸಿ ಬರಬೇಕಾ? ಕಡತ ಅಂದರೇನು ಅಂತ ಅವರಿಗೆ ಇವಳೇ ಹೇಳಿಕೊಡಬೇಕು. ಅವರು ಇವಳಿಗೆ ಏನು ಕಲಿಸುತ್ತಾರೆ? ಹೋದವರು ತಿರುಗಿ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಆ ನೋವಿನಿಂದ ಹೇಳುತ್ತಿದ್ದೇನೆ.

ದುರ್ಗದ ಹುಡುಗಿ

ಮೇಷ್ಟ್ರೇ, ನೀವು ಹೇಳಿದ್ದು ಚುಚ್ಚಿತು. ಯಾಕೆಂದರೆ ಅದು ನನ್ನೊಳಗೂ ಇರುವ ಮಾತು.

ಆದರೂ ಒಂದು ಹೇಳುತ್ತೇನೆ. ಆರು ತಿಂಗಳಿಂದ ನಾನು ಇಲ್ಲೇ ಇದ್ದೇನೆ. ನಾನು ನೋಡಿಕೊಂಡದ್ದು ಈ ಒಂದು ಕಡತ, ಅದೂ ಅಜ್ಜಿ ಮನೆಯದ್ದು ಅಂತ. ಯಾರಾದರೂ ಒಂದು ತಾಳೆಗರಿ ಕಟ್ಟು ತಂದು "ನಿನ್ನ ಕೈಗೆ ಕೊಡುತ್ತೇವೆ" ಅಂದರೆ ತೆಗೆದುಕೊಳ್ಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಓದುವಾಗ ಪ್ರತಿಯೊಂದಕ್ಕೂ ಪಕ್ಕದಲ್ಲಿ ಮೇಡಂ ಇರುತ್ತಿದ್ದರು. ಪ್ರಾಜೆಕ್ಟ್‌ನಲ್ಲಿ ದಿನಕ್ಕೆ ಇಷ್ಟು ವಸ್ತು ಮುಗಿಸಬೇಕು ಅಂತ ಲೆಕ್ಕ. ಯೋಚನೆ ಮಾಡಲು ಸಮಯವೇ ಇರಲಿಲ್ಲ. ಒಂದು ವಸ್ತುವಿನ ಮುಂದೆ ಒಂದು ತಿಂಗಳು ಕೂತು, ತಪ್ಪಾದರೆ ಕೇಳಲು ಪಕ್ಕದಲ್ಲಿ ಹಿರಿಯರು ಇದ್ದು, ನಿರ್ಧಾರ ಮಾತ್ರ ನನ್ನದೇ ಆಗಿರುವ ಕಡೆ ಒಂದು ವರ್ಷ ಇರಬೇಕು ಅಂತ ಆಸೆ. ಅದು ದುರ್ಗದಲ್ಲಿ ಸಿಕ್ಕಿದ್ದರೆ ನಾನು ಬಸ್ಸು ಕೂಡ ಹತ್ತುತ್ತಿರಲಿಲ್ಲ.

ಲ್ಯಾಬ್ ಅಕ್ಕ

ಮೇಷ್ಟ್ರ ಮಾತಿಗೆ ಎರಡು ಉದಾಹರಣೆ ಹೇಳುತ್ತೇನೆ.

ನೀವು ಸೀಸದ ನಾಣ್ಯ ಅಂದಿರಿ. ಸೀಸಕ್ಕೆ ಮರ ಆಗಿಬರುವುದಿಲ್ಲ. ಮರದಿಂದ, ಅದರಲ್ಲೂ ಪ್ಲೈವುಡ್‌ನಿಂದ, ಹುಳಿ ಆವಿ ಬರುತ್ತಲೇ ಇರುತ್ತದೆ. ವಿನಿಗರ್ ವಾಸನೆಯ ಅದೇ ಆಮ್ಲ. ಮುಚ್ಚಿದ ಬೀರುವಿನಲ್ಲಿ ಅದು ತುಂಬಿಕೊಂಡರೆ ನಾಣ್ಯದ ಮೇಲೆ ಬಿಳಿ ಪುಡಿ ಏಳುತ್ತದೆ. ಎರಡು ಸಾವಿರ ವರ್ಷ ಮಣ್ಣಲ್ಲಿ ಉಳಿದದ್ದು ಕೆಲವು ವರ್ಷ ಚೆಂದದ ಬೀರುವಿನಲ್ಲಿ ಹಾಳಾಗಬಹುದು. ಆ ಪುಡಿ ವಿಷ, ಊದಬಾರದು. ಯಾವ ಬೀರು, ಯಾವ ಬಣ್ಣ, ಯಾವ ಬಟ್ಟೆ ಇದಕ್ಕೆ ಸುರಕ್ಷಿತ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಹೇಳಿದ್ದು. ಬೆಳ್ಳಿ, ತಾಮ್ರ, ಸೀಸದ ಪುಟ್ಟ ತುಂಡುಗಳನ್ನು ಆ ವಸ್ತುವಿನ ಜೊತೆ, ಒಂದಿಷ್ಟು ತೇವದ ಜೊತೆ, ಗಾಜಿನಲ್ಲಿ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ ಇಡುವುದು. ತುಂಡು ಕಪ್ಪಾದರೆ ಅಥವಾ ಪುಡಿ ಎದ್ದರೆ ಆ ವಸ್ತು ಬೇಡ. ದೊಡ್ಡ ಮ್ಯೂಸಿಯಂಗಳ ಲ್ಯಾಬ್‌ನಲ್ಲಿ ಇದು ದಿನನಿತ್ಯದ ಕೆಲಸ. ಕೈಯಿಂದ ಮಾಡಿ ಕಲಿತವಳು ದುರ್ಗಕ್ಕೆ ಬಂದು ಒಂದು ಓವನ್ ಇಟ್ಟುಕೊಂಡು ಮಾಡಬಹುದು.

ಇನ್ನೊಂದು ಇದಕ್ಕೆ ತಿರುಗಾ ಮುರುಗಾ. ಪ್ಯಾರಲಾಯ್ಡ್ ಬಿ-72 ಜಗತ್ತಿನ ಎಲ್ಲ ಲ್ಯಾಬ್‌ನಲ್ಲೂ ಇದೆ. ಅದು ಸುಮಾರು 40 ಡಿಗ್ರಿಗೆ ಮೆತ್ತಗಾಗುತ್ತದೆ. 21 ಡಿಗ್ರಿಯ ಎ.ಸಿ. ಕೋಣೆಯಲ್ಲಿ ಕೂರುವವರಿಗೆ ಅದು ತೊಂದರೆಯೇ ಅಲ್ಲ. ಏಪ್ರಿಲ್‌ನಲ್ಲಿ ಚಳ್ಳಕೆರೆಯ ತಗಡಿನ ಸೂರಿನ ಕೆಳಗೆ ಅದರಿಂದ ಅಂಟಿಸಿದ ಮಡಕೆ ಇಡಿ ನೋಡಿ. ಜೋಡಣೆ ನಿಧಾನಕ್ಕೆ ಜಾರುತ್ತದೆ. ಬಿಸಿ ನಾಡಿನಲ್ಲಿ ಕೆಲಸ ಮಾಡುವವರು ಸುಮಾರು 50 ಡಿಗ್ರಿವರೆಗೆ ತಡೆಯುವ ಬಿ-48ಎನ್ ಅನ್ನುವ ಇನ್ನೊಂದು ಅಂಟು ಬೆರೆಸಿಕೊಳ್ಳುತ್ತಾರೆ. ಈ ಪ್ರಶ್ನೆ ಅಲ್ಲಿನ ಮೇಜಿಗೆ ತೆಗೆದುಕೊಂಡು ಹೋಗುವವರು ಯಾರು? ಬಿಸಿಲ ಊರಿನ ಹುಡುಗಿಯೇ ತಾನೆ? ಫೆಲೋಶಿಪ್‌ನಲ್ಲಿ ಸ್ವಂತ ಸಂಶೋಧನೆ ಅಂತ ಒಂದು ಭಾಗ ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ ಇಂಥದ್ದೇ ಬೇಕು.

ಮತ್ತೆ, ಇದು ಬರೀ ಹೊರಗಿನವರ ವಿದ್ಯೆ ಅಂತಲೂ ಅಲ್ಲ ಮೇಷ್ಟ್ರೇ. ರೋಮ್‌ನಲ್ಲಿರುವ ಐಕ್ರಾಮ್ ಅನ್ನುವ ಅಂತರರಾಷ್ಟ್ರೀಯ ಕನ್ಸರ್ವೇಶನ್ ಸಂಸ್ಥೆ ಶುರು ಮಾಡಬೇಕು ಅಂತ ಯುನೆಸ್ಕೋ ತೀರ್ಮಾನ ಮಾಡಿದ್ದು 1956ರಲ್ಲಿ, ದೆಹಲಿಯ ಸಭೆಯಲ್ಲಿ.

ಹೊಳಲ್ಕೆರೆ ಬಸ್ಸು

ನಾನು ಬಿ.ಎಸ್ಸಿ. ಕೊನೆಯ ವರ್ಷ. ಈ ಕೆಲಸ ಇದೆ ಅಂತಲೇ ಇವತ್ತು ಗೊತ್ತಾಯಿತು. ನಮ್ಮ ದೇಶದಲ್ಲೇ ಕಲಿಯಲು ಎಲ್ಲಿದೆ? ಇಂಗ್ಲಿಷ್ ಚೆನ್ನಾಗಿ ಬರದಿದ್ದರೆ ಆಗುತ್ತದಾ?

ಲ್ಯಾಬ್ ಅಕ್ಕ

ಲಖನೌನಲ್ಲಿ ಎನ್‌ಆರ್‌ಎಲ್‌ಸಿ ಅಂತ ಕೇಂದ್ರ ಸರ್ಕಾರದ ಕನ್ಸರ್ವೇಶನ್ ಪ್ರಯೋಗಾಲಯ ಇದೆ, 1976ರದ್ದು. ಅದರ ಪ್ರಾದೇಶಿಕ ಲ್ಯಾಬ್ ಮೈಸೂರಿನಲ್ಲೇ ಇದೆ. ಎಂ.ಎ. ಮಾಡಬೇಕೆಂದರೆ ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್, ಮೊದಲು ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಅನ್ನುತ್ತಿದ್ದೆವು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿರುವ, ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಕೇಂದ್ರಕ್ಕೆ ಒಮ್ಮೆ ಹೋಗಿ ಬಾ, ಕೆಲಸ ಹೇಗಿರುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದ್ದರೆ ಅರ್ಧ ದಾರಿ ಸಲೀಸು.

ಹಣದ ವಿಷಯ. ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್ ಇದೆ, 25ರಿಂದ 40 ವಯಸ್ಸಿನವರಿಗೆ, 2 ವರ್ಷ, ತಿಂಗಳಿಗೆ 10,000 ರೂಪಾಯಿ. ಕನ್ಸರ್ವೇಶನ್‌ನ ವೈಜ್ಞಾನಿಕ ಭಾಗಕ್ಕೂ ಅದರಲ್ಲಿ ಜಾಗ ಇದೆ. ಬ್ರಿಟನ್‌ಗೆ ಹೋಗುವವರಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ 1981ರಿಂದ ನೆರವು ಕೊಡುತ್ತಿದೆ, ನಮ್ಮವರು ಎಷ್ಟೋ ಜನ ಅದರಲ್ಲಿ ಹೋಗಿ ಬಂದಿದ್ದಾರೆ. ಅರ್ಜಿ ಹಾಕುವ ಮೊದಲು ಆ ವರ್ಷದ ನಿಯಮ ನೋಡಿಕೊ.

ಇಂಗ್ಲಿಷ್‌ಗೆ ಹೆದರಬೇಡ. ಪತ್ರವನ್ನು ಮೊದಲು ಕನ್ನಡದಲ್ಲೇ ಬರೆ. ಏನು ಹೇಳಬೇಕು ಅನ್ನುವುದು ಅಲ್ಲಿ ಗಟ್ಟಿಯಾದರೆ ಮಿಕ್ಕಿದ್ದು ಸುಲಭ. ಸುಮ್ನೆ "ನನಗೆ ಚಿಕ್ಕಂದಿನಿಂದ ಪರಂಪರೆಯಲ್ಲಿ ಆಸಕ್ತಿ" ಅಂತ ಶುರು ಮಾಡಬೇಡ. ಹತ್ತರಲ್ಲಿ ಎಂಟು ಪತ್ರ ಹಾಗೇ ಶುರುವಾಗುತ್ತವೆ.

ದುರ್ಗದ ಹುಡುಗಿ (13 ದಿನದ ನಂತರ)

ಬಂದೆ. ಒಂದೊಂದಾಗಿ ಹೇಳುತ್ತೇನೆ.

ಚಳ್ಳಕೆರೆಗೆ ಹೋಗಿ ಸರಿ ಕಾಯಿಸುವುದನ್ನು ಕಲಿತು ಬಂದೆ. ಆ ಮನೆಯ ಅಮ್ಮ ನನ್ನ ಸೌಟನ್ನು ಮೂರು ಸಲ ವಾಪಸ್ ಕಳಿಸಿದರು, ಎಳೆ ಬರಲಿಲ್ಲ ಅಂತ. ನಾಲ್ಕನೇ ಸಲ ಒಪ್ಪಿದರು. ಹಳೆಯ ಹತ್ತಿ ಪಂಚೆಯ ತುಂಡಿಗೆ ಇದ್ದಿಲಿನ ಪುಡಿ ಕಲಸಿದ ಸರಿಯನ್ನು ಎರಡೂ ಬದಿ ಬಳಿದೆ. ಒಂದು ಒಣಗಿದ ಮೇಲೆ ಇನ್ನೊಂದು, ಒಟ್ಟು ಐದು ಸಲ. ನಯವಾದ ಕಲ್ಲಿನಿಂದ ಉಜ್ಜಿದೆ. ಮಡಿಸಿದೆ. ಸಂತೆಯಲ್ಲಿ ಬಳಪ ತಂದು ಬರೆದೆ. ಕಪ್ಪಿನ ಮೇಲೆ ಬಳಪ ಓಡುವ ಆ ಸದ್ದು! ಅಜ್ಜಿ ಪಕ್ಕದಲ್ಲೇ ಕೂತಿದ್ದರು. ಬಳಪ ಇಸಿದುಕೊಂಡು ತಮ್ಮ ಹೆಸರು ಬರೆದರು.

ಆಮೇಲೆ ಮಾದರಿಯನ್ನು 200 ಸಲ ಮಡಿಸಿ ಬಿಚ್ಚಿದೆ. ಮಡಿಕೆಯಲ್ಲಿ ಕಪ್ಪು ಬಿರುಕು ಬಿಟ್ಟು ಬಿಳಿ ಬಟ್ಟೆ ಕಂಡಿತು, ಹಳೆಯದರಲ್ಲಿ ಇರುವ ಹಾಗೆಯೇ. ಆಗಲೇ ಒಂದು ವಿಷಯ ಹೊಳೆಯಿತು. ಅಜ್ಜಿಯ ಕಡತದಲ್ಲಿ ಮಡಿಕೆಯ ಹತ್ತಿರ ನಾನು "1" ಅಂತ ಓದಿಕೊಂಡಿದ್ದ ಗೀಟುಗಳು ಬರಹ ಇರಲಾರವು! ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆ ಬೆಳಕಿನಲ್ಲಿ ನೋಡಿದೆ. ಬಳಪದ ಗೀಟು ಕಪ್ಪಿನ ಮೇಲೆ ಕೂತಿರುತ್ತದೆ. ಬಿರುಕು ಕೆಳಗೆ ಇಳಿದಿರುತ್ತದೆ, ಒಂದು ಅಂಚಿಗೆ ನೆರಳು ಬೀಳುತ್ತದೆ. ಮೂರು ಮಡಿಕೆಯಲ್ಲಿ ಏಳು "1"ಗಳು ಬರೀ ಬಿರುಕು. ಯಾರದ್ದೋ ಸಾಲ ಅಷ್ಟು ಕಡಿಮೆಯಾಯಿತು.

ಪರೀಕ್ಷೆಗಳು. ಒಂದು ಹನಿ ನೀರು ಹಾಕಿ ಹತ್ತಿ ಒತ್ತಿದರೆ ಹತ್ತಿ ಕಪ್ಪಾಯಿತು. ಸರಿ ಉಬ್ಬಿ ಮೆತ್ತಗಾಗಿದೆ. ಆಲ್ಕೋಹಾಲ್ ಹಾಕಿದರೆ ಅಕ್ಷರ ಮಾಯವಾಗಿ, ಆರಿದ ಮೇಲೆ ಮರಳಿತು. ಥೇಟ್ ಸ್ಲೇಟು. ಬಿ-72ಅನ್ನು ನೂರಕ್ಕೆ 2 ಪಾಲಿನಷ್ಟು ತೆಳುವಾಗಿ ಹಾಕಿದೆ. ಬಿಳಿ ಬೂದಿಯಾಯಿತು, ಕಪ್ಪು ಹೊಳೆಯತೊಡಗಿತು. ಅಸಿಟೋನ್‌ನಿಂದ ತೆಗೆಯಲು ಹೋದರೆ ಅಂಟಿನ ಜೊತೆ ಬಳಪವೂ ಬಂತು. ತೀರಾ ಮೆತ್ತನೆಯ ಬ್ರಶ್ ಕೂಡ ಅಕ್ಷರದ ಅಂಚನ್ನು ಒಯ್ಯುತ್ತದೆ. ಅಕ್ಷರಕ್ಕೆ ಏನೂ ಮಾಡದೆ ಇದ್ದದ್ದು ಒತ್ತಿದರೆ ಗಾಳಿ ಊದುವ ರಬ್ಬರ್ ಬುರುಡೆ ಒಂದೇ, ಅದೂ ಒಂದು ಗೇಣು ದೂರದಿಂದ.

ಹಾಗಾಗಿ ತೀರ್ಮಾನ: ಬರಹಕ್ಕೆ ಏನೂ ಮಾಡುವುದಿಲ್ಲ. ಎರಡು ಬದಿಯಲ್ಲೂ ಬರಹ ಇರುವುದರಿಂದ ಹಿಂದೆ ಬಟ್ಟೆ ಕೊಟ್ಟು ಬಲಪಡಿಸುವ ಹಾಗೂ ಇಲ್ಲ. ಪ್ರತಿ ಮಡಿಕೆಯ ಒಳಗೆ ಸಣ್ಣ ಬತ್ತಿಯಂಥ ಹತ್ತಿಯ ಸುರುಳಿ ಇಟ್ಟೆ, ಮಡಿಕೆ ಚೂಪಾಗಿ ಮುರಿಯಬಾರದು ಅಂತ. ಹುಳದ ತೂತು ನಾಲ್ಕು ಇವೆ, ಎಲ್ಲ ಹಳೆಯವು. ಕೆಳಗೆ ಬಿಳಿ ಕಾಗದ ಹಾಸಿ ಹತ್ತು ದಿನ ನೋಡಿದೆ, ಹೊಸ ಪುಡಿ ಬಿದ್ದಿಲ್ಲ. ಹಳೆಯ ಕೆಂಪು ಬಟ್ಟೆಯ ಗಂಟನ್ನು ಬೇರೆ ಇಟ್ಟೆ, ಒದ್ದೆಯಾದರೆ ಬಣ್ಣ ಬಿಡುತ್ತದೆ. ಅದನ್ನು ಎಸೆಯುವುದಿಲ್ಲ, ಅದೂ ಕಥೆಯ ಭಾಗ. ಈಗ ಕುದಿಸಿ ಗಂಜಿ ತೆಗೆದ ಬಿಳಿ ಕೋರಾ ಬಟ್ಟೆ ಸುತ್ತಿದ್ದೇನೆ. ಆಮ್ಲ ಇಲ್ಲದ ರಟ್ಟು ಬೆಂಗಳೂರಿನಿಂದ ಬರಬೇಕು, ಬಂದ ಮೇಲೆ ಪೆಟ್ಟಿಗೆ.

ಎಲ್ಲ ಮಡಿಕೆಯ ಫೋಟೋ ತೆಗೆದಿದ್ದೇನೆ. ನೇರ ಬೆಳಕಲ್ಲಿ ಒಂದು, ಓರೆ ಬೆಳಕಲ್ಲಿ ಒಂದು, ಪಕ್ಕದಲ್ಲಿ ಅಳತೆ ಪಟ್ಟಿ. ಹೆಬ್ಬೆರಳಿನ ಜಾಗವನ್ನೂ ಗುರುತು ಮಾಡಿದ್ದೇನೆ: ಒಂದನೇ ಮಡಿಕೆ, ಆರನೇ ಸಾಲು, ಬಲತುದಿ.

ಕಂಬಳಿ ಮನೆ (ಚಳ್ಳಕೆರೆ)

ಅಮ್ಮ ಕೇಳುತ್ತಿದ್ದಾರೆ, ಆ ಹುಡುಗಿ ಯಾವಾಗ ಮತ್ತೆ ಬರುತ್ತಾಳೆ ಅಂತ. ನಮ್ಮ ತಾತನ ಕರಿ ಕಂಬಳಿಗೆ ನುಸಿ ಬಿದ್ದಿದೆ. ಏನು ಮಾಡುವುದು?

ಲ್ಯಾಬ್ ಅಕ್ಕ

ನುಸಿಗೆ ಚಳಿ ಮದ್ದು. ಕಂಬಳಿಯನ್ನು ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಐಸ್‌ಕ್ರೀಂ ಅಂಗಡಿಯವರ ಪರಿಚಯ ಇದ್ದರೆ ಆದೀತು. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬೆವರು ಹೊರಗೇ ಕೂರಲಿ. ನುಸಿಗುಳಿಗೆ ಹಾಕಿ ಮಲಗುವ ಕೋಣೆಯಲ್ಲಿ ಇಡಬೇಡಿ.

ದುರ್ಗದ ಹುಡುಗಿಗೆ: ಏಳು "1"ಗಳ ಫೋಟೋವನ್ನು ಪೋರ್ಟ್‌ಫೋಲಿಯೋದ ಮೊದಲ ಪುಟಕ್ಕೆ ಹಾಕು. ನಾನು ಆ ಮೇಜಿನಲ್ಲಿ ಕೂತಿದ್ದರೆ ಆ ಪುಟ ನೋಡಿ ಉಳಿದದ್ದನ್ನು ಎರಡು ಸಲ ಓದುತ್ತಿದ್ದೆ.

ಹಳೇ ಮೇಷ್ಟ್ರು

ಮಗೂ, ನಿನ್ನ ಫೋಟೋಗಳನ್ನು ನನಗೂ ಕಳಿಸಿದ್ದಕ್ಕೆ ಸಂತೋಷ. ಎರಡು ರಾತ್ರಿ ಕೂತು ಓದಿದೆ. ಕೂಡಿಸಿ ಬರೆಯುವ ಹಳೆಯ ಮೋಡಿ ಅಕ್ಷರ ಕೆಲವು ಕಡೆ ಇದೆ, ಉಳಿದದ್ದು ಕನ್ನಡ.

ಎರಡನೇ ಮಡಿಕೆಯ ತಲೆಯಲ್ಲಿ "ವಿಕಾರಿ ಸಂ" ಅಂತಿದೆ. ವಿಕಾರಿ ಸಂವತ್ಸರ. 60 ವರ್ಷಕ್ಕೊಮ್ಮೆ ಬರುತ್ತದೆ. ಹಿಂದಿನದು 2019ರ ಯುಗಾದಿಯಿಂದ. ಅದಕ್ಕೂ ಹಿಂದೆ 1959, ಆಮೇಲೆ 1899. 1957ರಲ್ಲೇ ನಯಾ ಪೈಸೆ ಬಂದಿತ್ತು. ಈ ಲೆಕ್ಕ ಪೂರ್ತಿ ಆಣೆ ಪೈಯಲ್ಲಿದೆ. ಹಾಗಾಗಿ 1899-1900ರದ್ದು ಅಂತ ನನಗೆ ಅನ್ನಿಸುತ್ತದೆ. ಇನ್ನೂ 60 ವರ್ಷ ಹಿಂದಿನದು ಆಗಬಹುದಾ ಅಂತ ತಿಥಿ ವಾರ ಕೂಡಿಸಿ ನೋಡಬೇಕು, ಪಂಚಾಂಗ ಹುಡುಕುತ್ತಿದ್ದೇನೆ. ಆರನೇ ಸಾಲಿನಲ್ಲಿ ನಿನ್ನ ಬೆರಳಿಗೆ ಹೋದ ಅಂಕಿ 4 ಇರಬೇಕು. ಕೆಳಗಿನ ಮೊತ್ತಕ್ಕೆ 4 ಆಣೆ ಕಡಿಮೆ ಬೀಳುತ್ತಿದೆ.

ಹೋಗಬೇಡ ಅಂತ ಹೇಳಿದ್ದೆ. ಆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಜೊತೆಗೆ ಒಂದು ಸೇರಿಸುತ್ತೇನೆ. ಹೋಗುವುದಾದರೆ ಈ ಓದನ್ನೂ ನಿನ್ನ ಅರ್ಜಿಯಲ್ಲಿ ಸೇರಿಸಿಕೊ. ವಸ್ತು ಉಳಿಸಿದರೆ ಸಾಲದು, ಅದರಲ್ಲಿ ಏನಿದೆ ಅಂತ ಓದುವವರನ್ನೂ ಹುಡುಕಿದ್ದೇನೆ ಅಂತ ಬರೆ.

ದುರ್ಗದ ಹುಡುಗಿ

4 ಆಣೆ! ಮೇಷ್ಟ್ರೇ, ಮೂರು ವಾರದಿಂದ ನನ್ನ ಎದೆಯ ಮೇಲೆ ಕೂತಿದ್ದ ಅಂಕಿ ಅದು. ಇದನ್ನು ರಿಪೋರ್ಟಿನಲ್ಲಿ ಹಾಕಿದೆ. ಕಡತದ ಮೇಲೆ ತಿರುಗಿ ಬರೆಯುವುದಿಲ್ಲ, ಆ ಜಾಗ ಖಾಲಿಯೇ ಇರುತ್ತದೆ.

ಅರ್ಜಿ ನಿನ್ನೆ ರಾತ್ರಿ ಕಳಿಸಿದೆ. ದೀಪ, ಮಡಕೆ, ಕಡತ, ಮೂರೇ ಕೆಲಸ. ಸಂಶೋಧನೆಗೆ ಬಿಸಿ ಊರಿನಲ್ಲಿ ಅಂಟು ಜಾರುವ ವಿಷಯ ಕೊಟ್ಟಿದ್ದೇನೆ. ಉತ್ತರ ಬರಲು ಕೆಲವು ತಿಂಗಳು ಬೇಕಂತೆ. ಬಂದರೂ ಬರದಿದ್ದರೂ ಸಚಿವಾಲಯದ ಫೆಲೋಶಿಪ್‌ಗೂ ಹಾಕುತ್ತೇನೆ.

ಜಗಳೂರು ದಾರಿ

ನಮಸ್ಕಾರ. ಈ ಚರ್ಚೆಯನ್ನು ನಮ್ಮ ಮಗಳು ತೋರಿಸಿದಳು. ನಮ್ಮ ಮನೆಯಲ್ಲೂ ಇಂಥದೇ ಕಪ್ಪು ಬಟ್ಟೆಯ ಗಂಟು ಇದೆ, ದೇವರ ಮನೆ ಗೂಡಿನಲ್ಲಿ. ಎರಡು ಇವೆ. ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಬಿಚ್ಚಿ ನೋಡಿಲ್ಲ. ತಂದರೆ ನೋಡುತ್ತೀರಾ?

ದುರ್ಗದ ಹುಡುಗಿ

ಖಂಡಿತ ನೋಡುತ್ತೇನೆ. ಬಿಚ್ಚಬೇಡಿ. ಕುಂಕುಮ ಒರೆಸಬೇಡಿ. ಬೇವಿನ ಸೊಪ್ಪು, ನುಸಿಗುಳಿಗೆ ಏನನ್ನೂ ಒಳಗೆ ಇಡಬೇಡಿ. ಗಂಟು ಹೇಗಿದೆಯೋ ಹಾಗೇ ಒಂದು ಅಗಲವಾದ ಮೊರದಲ್ಲಿ ಇಟ್ಟು, ಮೇಲೆ ಬಟ್ಟೆ ಮುಚ್ಚಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ, ಮೇಲಿನ ಸಾಮಾನಿನ ಜಾಗ ಬೇಡ. ಭಾನುವಾರ ಬೆಳಿಗ್ಗೆ ಬಂದರೆ ಒಳ್ಳೆಯದು, ನಮ್ಮ ಕಿಟಕಿಯಲ್ಲಿ ಆಗ ಬೆಳಕು ಚೆನ್ನಾಗಿರುತ್ತದೆ. ಮೇಷ್ಟ್ರನ್ನೂ ಬರಲು ಕೇಳುತ್ತೇನೆ.